ಆಪರೇಟರು ಮನೆಗೆ ಬರುವ ಹೊತ್ತು

ಹೊಲಿಗೆಯಕ್ಕನಿಗೆ ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯಲು ಭಯವಾಗುತ್ತಿತ್ತು.

ಕೇಳಿದವರಿಗೆ ನಗು ಬರುವಂಥ ಮಾತೇ. ಓಣಿಯ ಹೆಂಗಸರೂ ಮೊದಮೊದಲು ನಕ್ಕವರೇ. "ಏನಕ್ಕ, ಗಂಡ ಮನೇಲಿ ಕೂತ್ರು ಅಂತ ನೀನು ಡಬಲ್ ಡ್ಯೂಟಿ ಶುರು ಮಾಡಿದ್ಯಾ?" ಎಂದು ಕಿಟಕಿಯ ಸರಳು ಹಿಡಿದು ಕೇಳುವರು. ಅವಳೂ ನಕ್ಕು ಏನೋ ಒಂದು ಹೇಳುವಳು, ಕಾಲು ಮಾತ್ರ ನಿಲ್ಲಿಸಳು. ಸೂಜಿಯಲ್ಲಿ ದಾರವೇ ಇಲ್ಲ ಎಂಬುದು ಕಿಟಕಿಯಾಚೆ ನಿಂತವರಿಗೆ ಕಾಣುತ್ತಿರಲಿಲ್ಲ. ಬಟ್ಟೆಯಿಲ್ಲದೆ ಓಡಿಸಿದರೆ ಮಿಷನ್ನಿನ ಹಲ್ಲು ಸವೆಯುತ್ತದೆಂದು ಹಳೇ ದಿಂಬಿನ ಚೀಲದ ತುಂಡೊಂದನ್ನು ಕೆಳಗಿಟ್ಟಿರುತ್ತಿದ್ದಳು. ಅದೇ ತುಂಡನ್ನು ತಿರುಗಿಸಿ ಮುರುಗಿಸಿ ಓಡಿಸಿ, ಅದೀಗ ಜರಡಿಯಾಗಿತ್ತು.

ಅವಳ ಬೆನ್ನ ಹಿಂದೆ, ಮಂಚದ ಮೇಲೆ, ಅವಳ ಗಂಡ ಗೋಡೆ ನೋಡುತ್ತ ಕೂತಿರುತ್ತಿದ್ದರು. ಓಣಿಗೆಲ್ಲ ಅವರು ಆಪರೇಟರು. ಸಿನಿಮಾ ಟಾಕೀಸಿನ ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರು ಓಡಿಸುವ ಕೆಲಸಕ್ಕೆ ಮೀಸೆ ಮೂಡುವ ಮೊದಲೇ ಸೇರಿ, ಟಾಕೀಸು ಮುಚ್ಚಿ ಗೋದಾಮಾಗುವವರೆಗೂ ಅಲ್ಲೇ ಇದ್ದವರು. ಟಾಕೀಸು ಹೋಗಿ ಎಷ್ಟೋ ಕಾಲವಾದರೂ ಹೆಸರು ಹೋಗಲಿಲ್ಲ. ಈಗ ಆ ಹೆಸರಿಗೂ ಅವರು ತಿರುಗಿ ನೋಡುತ್ತಿರಲಿಲ್ಲ. ಮರೆವಿನ ರೋಗ ಮೊದಲು ಬೀಗದ ಕೈ, ಕನ್ನಡಕದಂಥ ಸಣ್ಣಪುಟ್ಟದ್ದನ್ನು ತಿಂದಿತು. ಆಮೇಲೆ ಮಗಳ ಮುಖ ತಿಂದಿತು. ಕೊನೆಗೆ ಮಾತನ್ನೇ ನುಂಗಿ ನೀರು ಕುಡಿಯಿತು. ಊಟ ಬಾಯಿಗಿಟ್ಟರೆ ಅಗಿಯುವರು, ಇಡದಿದ್ದರೆ ಇಲ್ಲ. ಹೆಂಡತಿಯನ್ನು ನೋಡಿದರೆ ಕಿಟಕಿ ನೋಡಿದಂತೆ ನೋಡುವರು. ಆದರೂ ಆಳು ಗಟ್ಟಿ. ಉಕ್ಕಿನ ರೀಲುಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದ ತೋಳುಗಳಿಗೆ ರೋಗ ಇನ್ನೂ ಬಾಯಿ ಹಾಕಿರಲಿಲ್ಲ. ಅವಳ ಭಯಕ್ಕೆ ಅರ್ಧ ಕಾರಣ ಆ ತೋಳುಗಳೇ.

ಹಾಡು ಹಾಕಿ ನೋಡಿ ಎಂದು ಹೇಳಿದವರು ಎದುರುಮನೆಯ ನರ್ಸಮ್ಮ. "ಎಲ್ಲಾ ಮರೆತೋರಿಗೂ ಹಾಡು ನೆನಪಿರುತ್ತೆ ಅಕ್ಕ. ನಮ್ಮ ವಾರ್ಡಲ್ಲಿ ಒಬ್ಬಜ್ಜಿ ಕಣ್ಣೇ ಬಿಡ್ತಿರಲಿಲ್ಲ, ಹಾಡು ಕೇಳಿ ಕೈಯಲ್ಲಿ ತಾಳ ಹಾಕೋಕೆ ಶುರು ಮಾಡಿದ್ರು." ಮಗಳು ಊರಿನ ಇನ್ನೊಂದು ತುದಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಭಾನುವಾರ ಬಂದು, ಅಪ್ಪ ಓಡಿಸಿದ ಸಿನಿಮಾಗಳ ಹಾಡುಗಳನ್ನೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ ಹಾಕಿದಳು. ತಾನೇ ಜೊತೆಗೆ ಹಾಡಿದಳು. ಆಪರೇಟರು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಹೊಲಿಗೆಯಕ್ಕನಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಜೀವಮಾನವೆಲ್ಲ ಸಿನಿಮಾದಲ್ಲಿ ಕಳೆದ ಈ ಮನುಷ್ಯ ಒಂದೇ ಒಂದು ಹಾಡನ್ನು ನೆಟ್ಟಗೆ ಕೇಳಿದವರಲ್ಲ. ಕ್ಯಾಬಿನ್ನಿನೊಳಗೆ ಮಿಷನ್ನಿನ ಗಲಾಟೆಯಲ್ಲಿ ಹಾಡೆಲ್ಲಿ ಕೇಳಬೇಕು? ಊರೆಲ್ಲ ಗುನುಗುವ ಹಾಡು ಯಾವ ಸಿನಿಮಾದ್ದೆಂದು ಮನೆಗೆ ಬಂದು ಅವಳನ್ನೇ ಕೇಳುತ್ತಿದ್ದರು.

ಮಗಳು ಸೋತು ಫೋನು ಮುಚ್ಚಿಟ್ಟ ಆ ಮಧ್ಯಾಹ್ನವೇ, ತಡವಾಗಿದ್ದ ಯೂನಿಫಾರಂ ಚಡ್ಡಿಯೊಂದನ್ನು ಮುಗಿಸೋಣವೆಂದು ಹೊಲಿಗೆಯಕ್ಕ ಮಿಷನ್ನಿಗೆ ಕೂತಳು. ಪೆಡಲು ತಿರುಗಿ ಸದ್ದು ಒಂದು ಹದಕ್ಕೆ ಬಂದದ್ದೇ ತಡ, ಆಪರೇಟರ ಬೆನ್ನು ನೆಟ್ಟಗಾಯಿತು. ಸದಾ ಬಟ್ಟೆಯ ಅಂಚು ಕೀಳುತ್ತಿದ್ದ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಕೂತವು. ಮುಖದ ಮೇಲಿನ ಗೊಂದಲ ಇಳಿದು, ಕೆಲಸದಲ್ಲಿರುವ ಗಂಡಸಿನ ಮುಖ ಮೇಲೆದ್ದಿತು.

"ಅಮ್ಮ, ನೋಡಿದ್ಯಾ?" ಎಂದಳು ಮಗಳು ಪಿಸುದನಿಯಲ್ಲಿ. "ಯಾವ ಹಾಡೂ ಬೇಡ. ಅಪ್ಪಂಗೆ ನಿನ್ನ ಮಿಷನ್ ಸಾಕು."

ಹೊಲಿಗೆಯಕ್ಕ ಉಬ್ಬಿಹೋದಳು. ಉಬ್ಬಲಿ ಬಿಡಿ, ಹೆಂಡತಿಗೆ ಅಷ್ಟೂ ಹಕ್ಕಿಲ್ಲವೆ? ತನ್ನ ಮುಖ ಮರೆತರೇನು, ತನ್ನ ಮಿಷನ್ನು ಮರೆತಿಲ್ಲವಲ್ಲ ಎಂದುಕೊಂಡಳು.

ಆ ಮಿಷನ್ನಿಗೂ ಅವರ ಸಂಸಾರಕ್ಕೂ ಒಂದೇ ವಯಸ್ಸು. ಅವಳು ಮನೆತುಂಬ ಜನರಿದ್ದ ಕಡೆಯಿಂದ ಬಂದವಳು. ಒಬ್ಬಳೇ ಮಲಗಿ ಗೊತ್ತಿಲ್ಲ. ಕಟ್ಟಿಕೊಂಡ ಗಂಡನೋ ಜನ ಮಲಗುವ ಹೊತ್ತಿಗೆ ದುಡಿಯುವವನು. ಸೆಕೆಂಡ್ ಶೋ ಬಿಟ್ಟು ಬರುವವರೆಗೆ ಆ ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಇಲಿ ಓಡಿದರೂ ಜೀವ ಬಾಯಿಗೆ ಬರುತ್ತಿತ್ತು. ಮಿಷನ್ನು ಓಡುತ್ತಿದ್ದರೆ ಬೇರೇನೂ ಕೇಳುವುದಿಲ್ಲವೆಂದು ಕಂಡುಕೊಂಡು, ಗಂಡ ಬರುವವರೆಗೂ ಹೊಲಿಯುತ್ತ ಕೂರುವುದನ್ನು ರೂಢಿ ಮಾಡಿಕೊಂಡಳು. ಬಾಗಿಲು ತೆರೆದು ಒಳಗೆ ಬಂದವರೇ ಅವರು ಕೇಳುವರು: "ಇವಳೇ, ಇನ್ನೂ ಮಲಗಿಲ್ವಾ?" ಆ ಮನೆಯಲ್ಲಿ ಅವಳ ಹೆಸರೇ 'ಇವಳೇ'. ಅವಳದು ಯಾವಾಗಲೂ ಒಂದೇ ಉತ್ತರ: "ಅರ್ಜೆಂಟ್ ಕೆಲಸ ಇತ್ತು ರೀ." ಹೆದರಿಕೆ ಎಂದರೆ ಗಂಡ ನಕ್ಕಾರೆಂದು ಅವಳ ಭಾವನೆ. ಅವರೂ ಒಂದೊಂದು ಸಲ ಗೊಣಗುತ್ತಿದ್ದರು: "ನಿನ್ನ ಮಿಷನ್ನು ಓಣಿ ತಿರುವಿಗೇ ಕೇಳ್ಸುತ್ತೆ ಮಾರಾಯ್ತಿ. ಜನ ಬೈಯ್ತಾರೆ." ಬೈದರೆ ಬೈಯಲಿ ಎಂದು ಅವಳು ಕೇಳಿಸದವಳಂತೆ ಇರುತ್ತಿದ್ದಳು.

ಹಾಗಾಗಿ ಈಗ, ಮುದಿಗಾಲದಲ್ಲಿ, ಮಿಷನ್ನು ಮತ್ತೆ ಕಾವಲಿಗೆ ಬಂತೆಂದು ಅವಳು ಸಮಾಧಾನಪಟ್ಟುಕೊಂಡಳು. ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ.

ಓಡುವಷ್ಟು ಹೊತ್ತು ಸರಿ. ನಿಂತರೆ? ನಿಂತ ಕ್ಷಣಕ್ಕೆ ಆಪರೇಟರು ಬೆಚ್ಚಿ ಏಳುವರು. ಕಣ್ಣು ದೊಡ್ಡದಾಗಿ, ಉಸಿರು ಕಿತ್ತುಕೊಂಡು, ಕೈ ಏನನ್ನೋ ತಡಕಾಡುವುದು. ಬೀರು ಎಳೆಯುವರು, ಗೋಡೆ ಗುದ್ದುವರು. ಒಮ್ಮೆ ಹಾಗೆಯೇ ಬೀದಿಗೆ ನುಗ್ಗಿದರು. ಅವಳು ಹಿಂದೆ ಓಡಿ ಕೈ ಹಿಡಿದಳು. ಯಾವಳೋ ಅಪರಿಚಿತೆ ನಡುಬೀದಿಯಲ್ಲಿ ಕೈ ಹಿಡಿದಂತೆ ಅವರು ಚೀರಿಕೊಂಡರು. ಕೊಡವಿದ ಏಟಿಗೆ ಅವಳ ತುಟಿ ಒಡೆಯಿತು. ಸೈಕಲ್ ರಿಪೇರಿಯವನು ಮತ್ತು ಇನ್ನಿಬ್ಬರು ಸೇರಿ ಅವರನ್ನು ಒಳಗೆ ಎಳೆತರಬೇಕಾಯಿತು. ಹೊಡೆತಕ್ಕಿಂತ ಆ ಚೀತ್ಕಾರ ಅವಳ ಕಿವಿಯಲ್ಲಿ ಉಳಿಯಿತು. ಅಂದಿನಿಂದ ಬೀದಿಬಾಗಿಲಿಗೆ ಒಳಗಿನಿಂದ ಬೀಗ ಬಿತ್ತು, ಬೀಗದ ಕೈ ಅವಳ ಸೊಂಟಕ್ಕೆ ಬಂತು, ಕಾಲು ಪೆಡಲಿಗೆ ಅಂಟಿತು. ಕೆಳದಾರದ ಬಾಬಿನ್ನುಗಳನ್ನೆಲ್ಲ ಅವರು ನಿದ್ದೆಯಲ್ಲಿರುವಾಗಲೇ ಸುತ್ತಿಟ್ಟುಕೊಳ್ಳುವಳು. ಅವರಾಗಿ ತೂಕಡಿಸಿ ಉರುಳುವವರೆಗೂ ತುಳಿಯುವಳು. ಮೊಣಕಾಲು ಊದಿ ದಪ್ಪಗಾದವು.

ಇನ್ನೊಂದು ವಿಚಿತ್ರವಿತ್ತು. ಎರಡು ಪೆನ್ಸಿಲು ಸಿಕ್ಕರೆ ಸಾಕು, ಅವುಗಳ ತುದಿಗೆ ತುದಿ ಎದುರಾಗಿ ಹಿಡಿದು, ಮೆಲ್ಲನೆ ತಾಗಿಸಿ, ಕೂದಲೆಳೆಯಷ್ಟು ಹಿಂದೆ ಸರಿಸುತ್ತಿದ್ದರು. ಮಗು ಆಡಿದಂತೆ ಎಂದು ನರ್ಸಮ್ಮನಿಗೆ ಕನಿಕರ. ಆಡುವ ಮಗುವಿನ ಹಣೆಯಲ್ಲಿ ಹಾಗೆ ಬೆವರಿರುವುದಿಲ್ಲ ಎಂದು ಹೊಲಿಗೆಯಕ್ಕನಿಗೆ ಅನ್ನಿಸುತ್ತಿತ್ತು, ಆದರೆ ಮುಂದಕ್ಕೆ ಯೋಚಿಸುವ ತ್ರಾಣ ಇರಲಿಲ್ಲ.

ತಾಯಿಯ ಮೊಣಕಾಲು ನೋಡಲಾರದೆ ಮಗಳು ಮುಂದಿನ ಸಲ ಬರುವಾಗ ಮಿಷನ್ನಿಗೆ ಹಾಕುವ ಕರೆಂಟಿನ ಮೋಟಾರು ತಂದಳು. ತೊಗಲಿನ ಬೆಲ್ಟು ಬಿಚ್ಚಿ ಮೋಟಾರು ಕೂರಿಸಿದ್ದಾಯಿತು. "ಇನ್ಮೇಲೆ ಸುಮ್ನೆ ಕಾಲಿಟ್ರೆ ಸಾಕಮ್ಮ, ಅದೇ ಓಡುತ್ತೆ." ಒಳ್ಳೆಯದು ಮಾಡಲು ಹೋದವರ ಕೈಯಲ್ಲೇ ಕೆಟ್ಟದ್ದು ಆಗುವ ಗಳಿಗೆಗಳಿರುತ್ತವೆ, ಅದು ಅಂಥದ್ದು. ಮಗಳು ಆ ಕಡೆ ಹೋದಳು, ಹೊಲಿಗೆಯಕ್ಕ ಈ ಕಡೆ ಮೋಟಾರಿಗೆ ಕಾಲು ತಾಗಿಸಿದಳು.

ಸದ್ದು ಬೇರೆಯಾಗಿತ್ತು. ಏರಿಳಿತವಿಲ್ಲದ, ಹಲ್ಲು ಕಡಿದಂಥ ಓಟ. ಹಿಂದೆ ಮಂಚ ಕಿರುಗುಟ್ಟಿತು. ತಿರುಗಿ ನೋಡಿದರೆ ಆಪರೇಟರು ಅಂಚಿಗೆ ಬಂದು ಕೂತಿದ್ದಾರೆ, ಕತ್ತಿನ ನರ ಉಬ್ಬಿದೆ. ಗಾಬರಿಯಲ್ಲಿ ಅವಳು ಕಾಲು ತೆಗೆದಳು. ಪೆಡಲಿನ ಮಿಷನ್ನಾದರೆ ಚಕ್ರ ಇನ್ನೊಂದೆರಡು ಸುತ್ತು ಹಾಕಿ ನಿಲ್ಲುತ್ತದೆ. ಮೋಟಾರು ಕತ್ತು ಹಿಚುಕಿದಂತೆ ನಿಂತಿತು. ಮನೆಯಲ್ಲಿ ಒಮ್ಮೆಗೇ ಮೌನ.

ಆಪರೇಟರು ಎದ್ದವರು ಅವಳ ಪಕ್ಕದಿಂದಲೇ ಹಾದು ಅಡುಗೆಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಕೇಳಿತು. ಹೊಲಿಗೆಯಕ್ಕ ಓಡಿ ಬಾಗಿಲು ಬಡಿದಳು. "ರೀ, ತೆಗೀರಿ. ರೀ." ಅಡುಗೆಮನೆಗೂ ನಡುಮನೆಗೂ ನಡುವೆ ತಟ್ಟೆ ಕೊಡಲು ಒಂದು ಸಣ್ಣ ಚೌಕದ ಕಿಂಡಿಯಿತ್ತು. ಅದರಲ್ಲಿ ಅವರ ಮುಖ ಕಂಡಿತು. ಅವರು ಅವಳನ್ನು ನೋಡುತ್ತಿರಲಿಲ್ಲ. ಅವಳ ತಲೆಯ ಮೇಲಿಂದ, ಹಗ್ಗದ ಮೇಲೆ ಹರವಿದ್ದ ಬಿಳಿಯ ಪರದೆಬಟ್ಟೆಯನ್ನು ನೋಡುತ್ತಿದ್ದರು. ನೋಡುತ್ತಲೇ ಎಡಗೈಯಿಂದ ಏನನ್ನೋ ತಿರುಗಿಸಿದರು. ಬುಸ್ ಎಂಬ ಸದ್ದು ಬಂತು. ಇನ್ನೊಮ್ಮೆ ತಿರುಗಿಸಿದರು, ಇನ್ನೊಂದು ಬುಸ್. ಅನಿಲದ ವಾಸನೆ ಕಿಂಡಿಯಿಂದ ಅವಳ ಮೂಗಿಗೆ ಹೊಡೆಯಿತು.

ಒಲೆಯ ಪಕ್ಕದಲ್ಲೇ ಲೈಟರು ನೇತಾಡುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಅವರ ಕೈಯಲ್ಲಿದ್ದದ್ದು ಎರಡು ಪೆನ್ಸಿಲು. ತುದಿಗೆ ತುದಿ ತಾಗಿಸಿದರು, ಹಿಂದೆ ಎಳೆದರು. ಬೆಳಕು ಬರಲಿಲ್ಲ. ಮತ್ತೆ ತಾಗಿಸಿದರು. ಬರಲಿಲ್ಲ. ಪೆನ್ಸಿಲು ಎಸೆದು ಅತ್ತಿತ್ತ ನೋಡಿದರು.

ಹೊಲಿಗೆಯಕ್ಕ ಬಾಗಿಲಿಗೆ ಭುಜ ಕೊಟ್ಟು ತಳ್ಳಿದಳು. ಕೂಗಿದರೆ ಕೇಳರು, ಬಾಗಿಲು ಮುರಿಯುವ ಶಕ್ತಿ ಅವಳಿಗಿಲ್ಲ. ಆಗ ಅವಳಿಗೆ ಹೊಳೆದದ್ದು ಸಿಲಿಂಡರು ಹಿತ್ತಲಿನಲ್ಲಿದೆ ಎಂಬುದು. ಜಾಗ ಸಾಲದೆಂದು ಹೊರಗಿಟ್ಟು ಗೋಡೆಯಲ್ಲಿ ತೂತು ಕೊರೆದು ಪೈಪು ಎಳೆದಿದ್ದರು. ಊದಿದ ಮೊಣಕಾಲಿನಲ್ಲಿ ಅವಳು ಬೀದಿಬಾಗಿಲಿನ ಬೀಗ ತೆಗೆದು, ಮನೆ ಸುತ್ತಿ ಹೇಗೆ ಹಿತ್ತಲಿಗೆ ಹೋದಳೋ ಅವಳಿಗೇ ಗೊತ್ತಿಲ್ಲ. ರೆಗ್ಯುಲೇಟರು ತಿರುಗಿಸಿ, ಕಿತ್ತು, ದೂರ ಎಸೆದು, ಅಲ್ಲೇ ಕುಸಿದಳು. ಒಳಗಿನಿಂದ ಲೈಟರು ಟಕ್ ಟಕ್ ಎನ್ನುವ ಸದ್ದು ಕೇಳಿಸಿತು. ಪ್ರತಿ ಟಕ್ಕಿಗೂ ಅವಳು ಕಣ್ಣು ಮುಚ್ಚಿಕೊಂಡಳು. ಪೈಪಿನಲ್ಲಿ ಉಳಿದದ್ದು ಒಂದು ಸಲ ಭುಗ್ಗೆಂದು ಆರಿತು, ಅಷ್ಟೇ. ಆಮೇಲೆ ಅವರಾಗಿ ಚಿಲಕ ತೆಗೆದು ಹೊರಬಂದಾಗ ಅವರ ಹುಬ್ಬು ಸ್ವಲ್ಪ ಸುಟ್ಟಿತ್ತು.

ಹಿತ್ತಲಲ್ಲಿ ಕೂತಿದ್ದಾಗಲೇ ಅವಳಿಗೆ ಎಲ್ಲ ಅರ್ಥವಾಯಿತು. ಮದುವೆಯಾದ ಹೊಸದರಲ್ಲಿ ಗಂಡ ಅವಳನ್ನು ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿದ್ದರು. ಇಕ್ಕಟ್ಟಾದ ಬಿಸಿ ಕೋಣೆ, ಎರಡು ಪ್ರೊಜೆಕ್ಟರು, ಗೋಡೆಯಲ್ಲಿ ಒಂದು ಚೌಕದ ಕಿಂಡಿ. ದೀಪದ ಗೂಡಿನೊಳಗೆ ಎರಡು ಕಾರ್ಬನ್ ಕಡ್ಡಿಗಳನ್ನು ತುದಿಗೆ ತುದಿ ತಾಗಿಸಿ ಸ್ವಲ್ಪವೇ ಸರಿಸಿದಾಗ ಕಣ್ಣು ಕುಕ್ಕುವ ಬೆಳಕು ಹೊತ್ತಿತ್ತು. "ಜನ ಎಲ್ಲಾ ಪರದೆ ನೋಡ್ತಾರೆ, ನಾನು ಸದ್ದು ನೋಡ್ತೀನಿ," ಎಂದು ಅವರು ಜಂಬದಿಂದ ಹೇಳಿದ್ದರು. "ಸದ್ದು ಕೆಟ್ಟಿತು ಅಂದ್ರೆ ರೀಲು ಸಿಕ್ಕಿಹಾಕ್ಕೊಂಡಿದೆ ಅಂತ. ದೀಪದ ಮುಂದೆ ಒಂದು ಗಳಿಗೆ ನಿಂತ್ರೂ ಬೆಂಕಿ. ತಕ್ಷಣ ಈ ಪ್ರೊಜೆಕ್ಟರ್ ದೀಪ ಆರಿಸಿ ಪಕ್ಕದ್ದನ್ನ ಹೊತ್ತಿಸಬೇಕು." ಅವರ ಎಡ ಅಂಗೈಯಲ್ಲಿ ಅಂಥದ್ದೊಂದು ಬೆಂಕಿಯ ಹಳೇ ಗುರುತಿತ್ತು. ಶೋ ಮುಗಿದ ಮೇಲೆ ರೀಲನ್ನು ಕೈಯಿಂದ ಹಿಂದಕ್ಕೆ ಸುತ್ತುವುದನ್ನೂ ತೋರಿಸಿದ್ದರು. ಅದನ್ನು ಸುತ್ತಿಟ್ಟು ಕ್ಯಾಬಿನ್ನಿಗೆ ಬೀಗ ಹಾಕಿದರೆ ಅವತ್ತಿನ ಕೆಲಸ ಮುಗಿದಂತೆ.

ಅವರು ಕೇಳುತ್ತಿದ್ದದ್ದು ಹೆಂಡತಿಯ ಹೊಲಿಗೆ ಮಿಷನ್ನನ್ನಲ್ಲ. ಪ್ರೊಜೆಕ್ಟರನ್ನು. ಅವಳು ಕಾಲು ನಿಲ್ಲಿಸಿದಾಗಲೆಲ್ಲ ಅವರ ಕ್ಯಾಬಿನ್ನಿಗೆ ಬೆಂಕಿ ಬೀಳುತ್ತಿತ್ತು. ಮೊಣಕಾಲು ಊದಿಸಿಕೊಂಡು ತಾನು ಗಂಡನ ಹತ್ತಿರ ಕೂತಿದ್ದೇನೆ ಎಂದುಕೊಂಡಿದ್ದಳು. ಅವರಿದ್ದ ಕೋಣೆಯಲ್ಲಿ ಅವಳಿರಲೇ ಇಲ್ಲ. ಆ ಹೊತ್ತಿಗೆ, ಸುಳ್ಳೇಕೆ, ಭಯಕ್ಕಿಂತ ಅದೇ ಹೆಚ್ಚು ನೋಯಿಸಿತು.

ಮಗಳು ಸುದ್ದಿ ಕೇಳಿ ಓಡಿಬಂದು, ಅಪ್ಪನ ಸುಟ್ಟ ಹುಬ್ಬು ನೋಡಿ, ಗೋಡೆಗೆ ಒರಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಟ್ಟಿಯಾಗಿ ಹೇಳಿದಳು: "ಇಬ್ರೂ ಸತ್ತಿರ್ತಿದ್ರಿ. ಇಂಥೋರನ್ನ ಇಟ್ಕೊಂಡು ನೋಡ್ಕೊಳ್ಳೋ ಹೋಮಿಗೆ ನಾನು ಮಾತಾಡ್ತೀನಿ. ಸೋಮವಾರ ವ್ಯಾನ್ ಬರುತ್ತೆ. ನೀನು ಇನ್ನೊಂದು ಮಾತು ಆಡಬೇಡ."

ಹೊಲಿಗೆಯಕ್ಕನಿಗೆ ಗಂಡನ ಭಯ ಹತ್ತಿತ್ತು. ಅವರು ಮಂಚದಲ್ಲಿ ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಿದ್ದಳು. ತನ್ನನ್ನು ಗುರುತಿಸದ, ತನ್ನ ಸದ್ದನ್ನೂ ಗುರುತಿಸದ ಗಂಡಸೊಬ್ಬನ ಜೊತೆ ಬೀಗ ಹಾಕಿದ ಮನೆಯಲ್ಲಿ ಯಾವ ಧೈರ್ಯದ ಮೇಲೆ ಇರಬೇಕು? "ಆಯ್ತು" ಎಂದಳು. ಅಡುಗೆಮನೆಗೂ ಬೀಗ ಹಾಕಿದಳು. ಮೋಟಾರು ಕಿತ್ತು ಅಟ್ಟಕ್ಕೆ ಎಸೆದು ತೊಗಲಿನ ಬೆಲ್ಟು ಮತ್ತೆ ಹಾಕಿದಳು. ಸೋಮವಾರದವರೆಗೆ ಹೇಗೋ ತುಳಿದರಾಯಿತು.

ಹೋಮಿನವರು ಎಲ್ಲ ಬಟ್ಟೆಗೂ ಕೆಂಪು ದಾರದಲ್ಲಿ ಒಂದು ಗುರುತು ಹೊಲಿದು ಕಳಿಸಿ ಎಂದಿದ್ದರು. ಶನಿವಾರ ಮಧ್ಯಾಹ್ನ ಅವಳು ಗಂಡನ ಅಂಗಿಗಳನ್ನು ರಾಶಿ ಹಾಕಿಕೊಂಡು ಕೂತಳು. ಆಪರೇಟರು ಮಂಚದ ಮೇಲೆ ಗೋಡೆ ನೋಡುತ್ತಿದ್ದರು, ಮಿಷನ್ನು ಓಡುತ್ತಿತ್ತು. ಕೆಂಪು ದಾರದ ಬಾಬಿನ್ನು ಒಂದೂ ಸುತ್ತಿಟ್ಟಿಲ್ಲ ಎಂಬುದು ಆಗ ನೆನಪಾಯಿತು. ಈಗ ನಿಲ್ಲಿಸದೆ ವಿಧಿಯಿಲ್ಲ. ಉಸಿರು ಬಿಗಿ ಹಿಡಿದು, ಚಕ್ರ ಇನ್ನೂ ತಿರುಗುತ್ತಿರುವಾಗಲೇ ಅದರ ತಿರುಪು ಸಡಿಲಿಸಿದಳು. ಸೂಜಿ ನಿಂತಿತು, ಚಕ್ರ ನಿಲ್ಲಲಿಲ್ಲ. ಟಕಟಕ ಸದ್ದು ಹೋಗಿ ಸುಯ್ಯೆನ್ನುವ ಸಣ್ಣ ಸದ್ದು ಉಳಿಯಿತು. ಬಾಬಿನ್ನು ಸರಸರನೆ ತಿರುಗಿ ದಾರ ಸುತ್ತಿಕೊಳ್ಳತೊಡಗಿತು. ತುಂಬಿತು. ಸದ್ದು ಮೆಲ್ಲಗಾಯಿತು, ಸಣ್ಣಗಾಯಿತು, ನಿಂತಿತು.

ಅವಳು ಕತ್ತರಿಯನ್ನು ದೂರ ತಳ್ಳಿ, ಎರಡೂ ಕೈ ತಲೆಗೆ ಅಡ್ಡ ಹಿಡಿದು ಕಾದಳು.

ಏನೂ ಆಗಲಿಲ್ಲ. ಹಿಂದಿನಿಂದ ಒಂದು ನಿಟ್ಟುಸಿರು ಕೇಳಿತು, ದಿನವೆಲ್ಲ ದುಡಿದು ಕೊನೆಯ ರೀಲು ಸುತ್ತಿಟ್ಟವನು ಬಿಡುವಂಥದ್ದು. ತಿರುಗಿದಳು. ಆಪರೇಟರು ಎದ್ದು ನಿಂತಿದ್ದರು. ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು. ರಾಶಿಯಿಂದ ಒಂದು ಅಂಗಿ ಎಳೆದು ತೊಟ್ಟರು, ಗುಂಡಿ ತಪ್ಪಾಗಿ ಹಾಕಿದರು. ಜೇಬು ಮುಟ್ಟಿ ನೋಡಿಕೊಂಡು ಬೀದಿಬಾಗಿಲ ಹತ್ತಿರ ಹೋಗಿ ನಿಂತರು.

"ಮನೆಗೆ," ಎಂದರು.

ಆ ಬಾಯಲ್ಲಿ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಹೊಲಿಗೆಯಕ್ಕ ಎದ್ದು ನಿಂತಳು. "ಇದೇ ಮನೆ ರೀ," ಎಂದಳು.

ಅವರು ಅವಳತ್ತ ನೋಡಿದರು. ಗುರುತಿಲ್ಲದ ಹೆಂಗಸಿನೊಡನೆ ಮಾತಾಡುವ ಮರ್ಯಾದೆ ಆ ಮುಖದಲ್ಲಿತ್ತು. "ಇಲ್ಲಮ್ಮ," ಎಂದರು. "ಒಬ್ಬಳೇ ಇದಾಳೆ."

"ಯಾರು?"

"ಇವಳು." ಮಾತು ಎಲ್ಲಿಂದಲೋ ಹೊತ್ತು ತರಬೇಕಾದಂತೆ ಅವರ ಹಣೆ ಬಿಗಿಯಿತು. "ಹೆದರ್ತಾಳೆ."

ಹೊಲಿಗೆಯಕ್ಕ ಮಿಷನ್ನಿನ ಹಲಗೆ ಹಿಡಿದುಕೊಂಡಳು. ಅರ್ಜೆಂಟ್ ಕೆಲಸ, ಅರ್ಜೆಂಟ್ ಕೆಲಸ ಎಂದು ಅಷ್ಟೂ ವರ್ಷ ಹೇಳಿದ ಸುಳ್ಳನ್ನು ಈ ಮನುಷ್ಯ ಒಂದು ದಿನವೂ ನಂಬಿರಲಿಲ್ಲ. ಓಣಿಯ ತಿರುವಿಗೇ ಕೇಳಿಸುತ್ತದೆ ಎಂದು ಗೊಣಗುತ್ತಿದ್ದವರು ಅಲ್ಲಿ ನಿಂತು ಕೇಳಿಸಿಕೊಂಡು ಬರುತ್ತಿದ್ದರು.

ಬಾಗಿಲು ತೆಗೆಯಬಾರದೆಂದು ಅವಳಿಗೆ ಗೊತ್ತಿತ್ತು. ಓಣಿಯ ತಿರುವು ದಾಟಿದರೆ ದೊಡ್ಡ ರಸ್ತೆ, ಲಾರಿಗಳು ಉಸಿರಾಡಲು ಬಿಡದ ಹಾಗೆ ಓಡುತ್ತವೆ. ಸೋಮವಾರ ವ್ಯಾನು ಬರುತ್ತದೆ, ಇನ್ನು ಒಂದು ದಿನ ಕಾದರಾಯಿತು. ಇದೆಲ್ಲ ಗೊತ್ತಿದ್ದೂ ಅವಳ ಕೈ ಸೊಂಟದ ಬೀಗದ ಕೈಗೆ ಹೋಯಿತು. ಮನೆಯಲ್ಲಿ ಒಬ್ಬಳೇ ಹೆದರಿ ಕೂತಿದ್ದಾಳೆಂದು ಹೊರಟವರನ್ನು ಹೇಗೆ ಹಿಡಿದಿಡುವುದು? ಬೀಗ ತೆಗೆದಳು.

ಆಪರೇಟರು ಮೆಟ್ಟಿಲಿಳಿದು ಬಿಸಿಲಿಗೆ ಹೋದರು. ನಡಿಗೆಯಲ್ಲಿ ಅವಸರವಿರಲಿಲ್ಲ, ದಾರಿ ಗೊತ್ತಿದ್ದವರ ನಡಿಗೆ. ತಿರುವಿನ ಕಂಬದ ಹತ್ತಿರ ಹೋಗಿ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಲಾರಿಯೊಂದು ಹಾರನ್ನು ಒತ್ತಿಕೊಂಡು ಹೋಯಿತು. ಅವರು ಒಂದು ಹೆಜ್ಜೆ ರಸ್ತೆಯ ಕಡೆಗೇ ಇಟ್ಟರು.

ಓಡಿ ಕೈ ಹಿಡಿಯಲೇ? ಹಿಡಿದರೆ ಆ ಚೀತ್ಕಾರ, ಕೊಡವಿದರೆ ಅವರು ಬೀಳುವುದು ನೇರ ರಸ್ತೆಗೆ. ಹೊಲಿಗೆಯಕ್ಕ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಬಾಗಿಲು ಹಾಗೇ ತೆರೆದಿಟ್ಟು ಒಳಗೆ ಬಂದಳು. ಕಿಟಕಿಯ ಎರಡೂ ಬಾಗಿಲು ಗೋಡೆಗೆ ಬಡಿಯುವಂತೆ ತೆರೆದಳು. ಮಿಷನ್ನಿಗೆ ಕೂತು, ತಿರುಪು ಬಿಗಿದು, ದಿಂಬಿನ ಬಟ್ಟೆಯ ತುಂಡು ತುರುಕಿ ತುಳಿಯತೊಡಗಿದಳು. ಸೊಂಟದಿಂದ ಕೆಳಗೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದಳು.

ಮಿಷನ್ನು ಗೋಡೆಗೆ ಮುಖ ಮಾಡಿತ್ತು, ಬಾಗಿಲು ಅವಳ ಬೆನ್ನಿಗೆ. ನೋಡಲು ತಿರುಗಿದರೆ ಓಟ ಮುಗ್ಗರಿಸುತ್ತದೆ. ಕೇಳೋಣವೆಂದರೆ ಮಿಷನ್ನಿನ ಸದ್ದೇ ಕಿವಿ ತುಂಬಿದೆ. ಹೆಜ್ಜೆ ಬಂದರೂ ಕೇಳದು, ಹೋದರೂ ಕೇಳದು. ನಿಲ್ಲಿಸಿ ಕಿವಿಗೊಟ್ಟರೆ, ಅಷ್ಟರಲ್ಲಿ ತಿರುವಿನಲ್ಲಿ ನಿಂತವರ ಪಾಲಿಗೆ ಮನೆಯೇ ಇಲ್ಲವಾಗುತ್ತದೆ. ಹಾರನ್ನೊಂದು ಉದ್ದಕ್ಕೆ ಬಡಿದುಕೊಂಡಿತು, ಬ್ರೇಕು ಕಿರುಚಿತು. ಅವಳ ಬಾಯಿಂದ ಏನೋ ಹೊರಟಿತು, ಕಾಲು ನಿಲ್ಲಲಿಲ್ಲ. ಕಣ್ಣೀರು ಬಟ್ಟೆಯ ಮೇಲೆ ಬಿದ್ದು ಸೂಜಿ ಅದರ ಮೇಲೇ ಓಡಿತು. ಎಷ್ಟು ಹೊತ್ತೆಂದು ಅವಳಿಗೆ ಗೊತ್ತಾಗಲಿಲ್ಲ. ಬೆಲ್ಟು ಕಿತ್ತುಹೋದರೆ ಎಂದೊಮ್ಮೆ ಅನ್ನಿಸಿತು. ಆಮೇಲೆ ಯಾವ ಯೋಚನೆಯೂ ಇರಲಿಲ್ಲ.

ಗೋಡೆಯ ಮೇಲೆ ನೆರಳು ಬಿತ್ತು.

"ಇವಳೇ," ಎಂದಿತು ಹಿಂದಿನ ದನಿ. "ಇನ್ನೂ ಮಲಗಿಲ್ವಾ?"

ಹೊರಗೆ ಉರಿಬಿಸಿಲು. ಹೊಲಿಗೆಯಕ್ಕನ ಕಾಲು ತಾನಾಗಿ ನಿಂತಿತು. ಸದ್ದು ನಿಂತಿತು, ಆದರೂ ಅವರು ಬೆಚ್ಚಲಿಲ್ಲ. ಅಂಗಿ ಬಿಚ್ಚಿ ಮೊಳೆಗೆ ಹಾಕಲು ಗೋಡೆಯಲ್ಲಿ ಮೊಳೆ ಹುಡುಕುತ್ತಿದ್ದರು. ಅರ್ಜೆಂಟ್ ಕೆಲಸ ಇತ್ತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ನುಂಗಿದಳು.

"ಭಯ ಆಗಿತ್ತು ರೀ," ಎಂದಳು. "ತುಂಬಾ ಭಯ ಆಗಿತ್ತು."

"ಗೊತ್ತು," ಎಂದರು ಅವರು. "ಬಂದ್ನಲ್ಲ."

ಮಂಚದ ಮೇಲೆ ಕೂತು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ನೋಟ ಅವಳ ಮುಖದಿಂದ ಜಾರಿ ಗೋಡೆಗೆ ಹೋಯಿತು, ಬೆರಳು ಪಂಚೆಯ ಅಂಚು ಕೀಳತೊಡಗಿತು. ಅಂಗಿ ನೆಲದ ಮೇಲೆ ಬಿದ್ದಿತ್ತು. ಅವಳು ಎತ್ತಿಕೊಂಡಳು. ಆ ಅಂಗಿಗೆ ಕೆಂಪು ಗುರುತು ಹೊಲಿಯಲಿಲ್ಲ.

ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಮೊದಲು ಬೈದಳು, ಆಮೇಲೆ ಕೇಳಿದಳು: "ಅಮ್ಮ, ಒಂದು ದಿನ ಅವರು ತಿರುಗಿ ಬರ್ದೇ ಹೋದ್ರೆ?"

"ಅದೇ ಭಯ ಕಣೆ ನನಗೂ."

"ಮತ್ತೆ?"

"ಮತ್ತೆ ಏನು? ವ್ಯಾನ್ ಬೇಡ ಅನ್ನು."

ಈಗ ದಿನವೂ ಮಧ್ಯಾಹ್ನ ಬಾಬಿನ್ನು ಸುತ್ತುವ ಸದ್ದಿಗೆ ಟಾಕೀಸಿನ ಕೆಲಸ ಮುಗಿಯುತ್ತದೆ, ಆಪರೇಟರು ಮನೆಗೆ ಹೊರಡುತ್ತಾರೆ. ತಿರುವಿನ ಸೈಕಲ್ ರಿಪೇರಿಯವನಿಗೆ ಹೊಲಿಗೆಯಕ್ಕ ಹೇಳಿಟ್ಟಿದ್ದಾಳೆ: "ಕೈ ಹಿಡೀಬೇಡಪ್ಪ. ರಸ್ತೆಗೆ ಅಡ್ಡ ನಿಂತ್ಕೋ, ಅಷ್ಟು ಸಾಕು." ಅವನು ನಿಲ್ಲುತ್ತಾನೆ, ಅಂಗಡಿ ತೆರೆದ ದಿನ. ತೆರೆಯದ ದಿನಗಳೂ ಇರುತ್ತವೆ. ಆಪರೇಟರು ಬಂದು ಮಾತಾಡುವುದು ಅಪರೂಪ, ಹೆಚ್ಚಿನ ದಿನ ಸುಮ್ಮನೆ ಬಂದು ಕೂರುತ್ತಾರೆ. ಅಡುಗೆಮನೆಯ ಬೀಗ ಹಾಗೇ ಇದೆ. ಅವರ ತೋಳುಗಳ ಭಯವೂ ಅವಳನ್ನು ಪೂರ್ತಿ ಬಿಟ್ಟುಹೋಗಿಲ್ಲ.

ಅವರು ಮೆಟ್ಟಿಲಿಳಿದ ಮೇಲೆ ಅವಳು ಬೆನ್ನು ಬಾಗಿಲಿಗೆ ಮಾಡಿ ಕೂತು ತುಳಿಯುತ್ತಾಳೆ. ತಿರುಗಿ ನೋಡುವುದಿಲ್ಲ. ಇವತ್ತು ಬರುತ್ತಾರೋ ಇಲ್ಲವೋ ಎಂದು ಭಯವಾಗುತ್ತದೆ. ಮದುವೆಯಾದ ಹೊಸದರಲ್ಲಿ, ಇದೇ ಮಿಷನ್ನಿನ ಮುಂದೆ, ಆಗುತ್ತಿದ್ದ ಭಯವೇ ಇದು. ಆಗಲೂ ಅವರು ಬರುವವರೆಗೆ ಅದು ಹೋಗುತ್ತಿರಲಿಲ್ಲ.